ಹನ್ನೊಂದು ಪರ್ಸೆಂಟ್

ಬೈತಖೋಲದ ಧಕ್ಕೆಯಲ್ಲಿ ಐಸು ಒಡೆದು ತುಂಬುವಾಗಲೇ
ಫೋನು ಕೆಂಪಾಗಿತ್ತು. ಹನ್ನೊಂದು ಪರ್ಸೆಂಟ್.
ನಲವತ್ತು ಕ್ರೇಟು ಬಂಗಡೆ, ಆರು ಶೆಟ್ಲಿ.
ಹುಬ್ಬಳ್ಳಿಯ ಮಕ್ತುಂಸಾಬರದು ಒಂದೇ ಮಾತು:
"ಫೋನ್ ಬಂದ್ ಮಾಡಬ್ಯಾಡೋ ತಮ್ಮಾ,
ನಸುಕಿನ್ಯಾಗ ರೇಟು ಮೂರು ಸಲ ತಿರಗತೈತಿ."

ನಮ್ಮ ಗಾಡಿಯಲ್ಲಿ ಸಿಗರೇಟು ಹಚ್ಚುವ ತೂತೊಂದಿದೆ.
ಹಚ್ಚುವ ಗುಂಡಿ ಹಿಂದಿನ ಮಾಲೀಕನ ಕಾಲಕ್ಕೇ ಕಳೆದಿದೆ.
ಸಾತೇರಿಯ ಫೋಟೋದ ಕೆಳಗೆ,
ಊದುಬತ್ತಿಯ ಬೂದಿ ಬೀಳುವ ಜಾಗ.
ಸೋಮವಾರಕ್ಕೊಮ್ಮೆ ಊದಿ ಊದಿ ಬೂದಿ ಹಾರಿಸಿ
ಅಂಕೋಲೆ ಬಸ್‌ಸ್ಟ್ಯಾಂಡಿನೆದುರು ನೂರಿಪ್ಪತ್ತಕ್ಕೆ ತಂದ
ಚಾರ್ಜರು ತುರುಕುತ್ತೇನೆ.
ನೀಲಿ ದೀಪ ಹೊತ್ತುತ್ತದೆ.
ದೀಪ ಹೊತ್ತಿದ್ದಕ್ಕೂ ಕರೆಂಟು ಬಂದಿದ್ದಕ್ಕೂ
ಏನೇನೂ ಸಂಬಂಧವಿಲ್ಲ.

ವಯರಿನ ಕುತ್ತಿಗೆ ಹೋಗಿದೆ.
ಎಡಕ್ಕೆ ತುಸು ಬಗ್ಗಿಸಿ, ಮೇಲಿಂದ ಒತ್ತಿ,
ಕೂಸಿನ ಮೂಗು ಹಿಡಿದು ಔಷಧ ಕುಡಿಸುವ ಹಾಗೆ
ಹಿಡಿದರೆ ಮಾತ್ರ
ಟಂಯ್ ಅನ್ನುತ್ತದೆ.
ಬಿಟ್ಟರೆ ಇಲ್ಲ.

ಹಾಗಾಗಿ ಬಸ್ತ್ಯಾಂವ ಹಿಡಿಯುತ್ತಾನೆ.
ಇಡಗುಂದಿ ಕಡೆಯ ಸಿದ್ದಿ ಹುಡುಗ,
ಗಾಡಿ ಹತ್ತಿ ಎರಡು ತಿಂಗಳು.
ಕ್ರೇಟು ಎತ್ತುವುದು, ಟಾಯರಿಗೆ ಕಲ್ಲು ಕೊಡುವುದು,
ನಾನು ತೂಕಡಿಸಿದರೆ ಕೆಮ್ಮುವುದು, ಇದಕ್ಕೆ ಸಂಬಳ.
ಹೆಬ್ಬೆರಳಿನ ಲೆಕ್ಕ ಬೇರೆ ಇಟ್ಟಿಲ್ಲ.

ಬಾಳೇಗುಳಿಯಲ್ಲಿ ಕಡಲಿಗೆ ಬೆನ್ನು ಕೊಟ್ಟೆವು.
ಸುಂಕಸಾಳಕ್ಕೆ ಹದಿನೇಳು. ರಾಮನಗುಳಿಗೆ ಇಪ್ಪತ್ತೊಂದು.
ಘಟ್ಟ ಹತ್ತಿದ್ದೇ ಫೋನಿಗೆ ಹುಚ್ಚು.
ಮಂಜಿನಲ್ಲಿ ದಾರಿ ತಪ್ಪಿದ ದೋಣಿಯವನು
ಕೂಗಿಕೊಂಡೇ ಇರುವ ಹಾಗೆ
ಸಿಗ್ನಲ್ಲಿಗಾಗಿ ಒಳಗೊಳಗೇ ಅರಚುತ್ತದೆ;
ಕುಡಿಸಿದ್ದೆಲ್ಲ ಆ ಕೂಗಿಗೇ ಖರ್ಚು.
ಇಪ್ಪತ್ತು. ಹತ್ತೊಂಬತ್ತು.
"ವಿಮಾನ ಮಾಡಲಾ ಅಣ್ಣ?"
"ಮಾಡಿದ್ರೆ ಸಾಬರ ಫೋನು?"
"ಇಲ್ಲಿ ಹೇಗಿದ್ರೂ ಬರೂದಿಲ್ಲ."
ಹೌದಲ್ಲ.
ಅರಬೈಲಿನ ಅಷ್ಟೂ ತಿರುವುಗಳಲ್ಲಿ
ಸಿಮೆಂಟು ಲಾರಿಯ ಹಿಂದೆ, ಎರಡನೇ ಗೇರಿನಲ್ಲಿ,
ಬಂಗಡೆ ತುಂಬಿದ ವಿಮಾನ ಹಾರಿಸಿದೆವು.

ಹುಡುಗನಿಗೆ ನಿದ್ದೆ ಬಂತು.
ಬಾಯಿ ತೆರೆದಿದೆ, ತಲೆ ಗಾಜಿಗೆ ಬಡಿಯುತ್ತಿದೆ,
ಐಸಿನ ನೀರು ಹಿಂದೆ ತೊಟ್ಟಿಕ್ಕುತ್ತಿದೆ.
ನಾನು ಹಾರ್ನ್ ಹೊಡೆದೆ, ಬೇಕಂತಲೇ. ಏಳಲಿಲ್ಲ.
ಹೆಬ್ಬೆರಳು ಮಾತ್ರ ಒತ್ತಿಕೊಂಡೇ ಇದೆ,
ಉಗುರು ಬೆಳ್ಳಗಾಗುವಷ್ಟು.
ಇಪ್ಪತ್ತಾರು. ಇಪ್ಪತ್ತೇಳು.

ಘಟ್ಟ ಮುಗಿದದ್ದು ಅವನಿಗೆ ಹೇಗೋ ಗೊತ್ತಾಯಿತು.
ತಾನೇ ಎದ್ದು, ಹೊರಗೆ ನೋಡಿ,
"ಇಲ್ಲೊಂದು ಕಡ್ಡಿ ಟವರ್ ಬರ್ತದೆ ಅಣ್ಣ.
ಒಂದು ಫೋನ್ ಮಾಡಲಾ? ಎರಡು ಪರ್ಸೆಂಟ್ ಸಾಕು."
"ನಿನ್ನ ಫೋನು?"
"ಮೊನ್ನೆಯಿಂದ ಸತ್ತದೆ."
ಕಿಸೆಯಿಂದ ತೆಗೆದು ತೋರಿಸಿದ, ರಬ್ಬರ್‌ಬ್ಯಾಂಡ್ ಸುತ್ತಿದ್ದು.
ಅವನಿಗೂ ಫೋನಿದೆ ಎಂದು
ನನಗೆ ಹೊಳೆದೇ ಇರಲಿಲ್ಲ.

ವಿಮಾನ ಇಳಿಸಿದ. ಒಂದು ಕಡ್ಡಿ ಬಂತು.
ಒಂದೇ ರಿಂಗು. ಕಟ್ ಮಾಡಿದ.
ಬಲಗಡೆಯ ಗುಡ್ಡದಲ್ಲಿ, ಮನೆ ಇದೆಯೆಂದು
ಯಾರೂ ಹೇಳಲಾರದ ಕತ್ತಲಲ್ಲಿ,
ಒಂದು ಬೆಳಕು ಹತ್ತಿತು. ಆರಿತು. ಮತ್ತೆ ಹತ್ತಿತು.
"ಮಾಯ್" ಅಂದ. "ಮೊಬೈಲಿನ ಟಾರ್ಚು."

"ನನ್ನ ನಂಬರು ಗೊತ್ತುಂಟಾ ಅವಳಿಗೆ?"
"ಗೊತ್ತದೆ. ನೀವು ಇಲ್ಲಿ ಮೂತ್ರಕ್ಕೆ ಇಳಿದಾಗೆಲ್ಲ..."
ಹಲ್ಲು ಕಂಡವು.
"ಇವತ್ತು ನೀವು ಇಳೀಲಿಲ್ಲ."

ಎರಡು ತಿಂಗಳು ನಾನು ಚಾರ್ಜರಿಗೆ ಬೈದಿದ್ದೇ ಬೈದಿದ್ದು,
ಎಲ್ಲಿ ಸೋರುತ್ತಿದೆ, ಎಲ್ಲಿ ಸೋರುತ್ತಿದೆ ಎಂದು.

ಯಲ್ಲಾಪುರದ ಚಾ ಅಂಗಡಿಯೆದುರು ಸಾಬರ ಫೋನು ಬಂತು.
ಬಂಗಡೆ ಇಳಿದಿದೆ, ಶೆಟ್ಲಿ ಪರವಾಗಿಲ್ಲ.
ಹೂಂ ಅಂದೆ.
ವಯರು ಕಿತ್ತು ಹುಡುಗನ ಫೋನಿಗೆ ಚುಚ್ಚಲು ಹೋದೆ.
ಹೋಗಲಿಲ್ಲ.
ಅದರ ಬಾಯಿ ಹಳೇ ಕಾಲದ್ದು, ಇದರ ಪಿನ್ನು ಬೇರೆ.
"ಇರ್ಲಿ ಬಿಡಿ" ಅಂದ,
ಬಲಗೈಯನ್ನು ಒಮ್ಮೆ ಕೊಡವಿದ,
ಎಡಗೈ ಹೆಬ್ಬೆರಳಿಗೆ ಆ ಬಗ್ಗು ಕಲಿಸತೊಡಗಿದ.
ಟಂಯ್.