ಸ್ಟಾಪ್‌ವಾಚ್

ಕ್ಲಾಕ್ಸ್‌ವಿಕ್‌ನ ಮೀನು ಕಾರ್ಖಾನೆಯಲ್ಲಿ
ರಾತ್ರಿಪಾಳಿ ಮುಗಿಸಿ ನೇರ ಈಜುಕೊಳಕ್ಕೇ ಬಂದೆ,
ಕೈಯ ನಾತ ತೊಳೆಯದೆ, ನಾಲಿಗೆ ಮಸೆದುಕೊಂಡು.

ರಿಲೇ ತಂಡದಿಂದ ರನ್ವಾಳ ಹೆಸರು ಹೊಡೆದು ಹಾಕಿದ್ದ ಯಾಕುಪ್.
ಅಳಲಿಲ್ಲ ಹುಡುಗಿ. ಅಳದಿದ್ದಕ್ಕೇ ನನಗೆ ಉರಿ.

ಕೋಚ್ ಸಾಹೇಬ ಮಂಡಿಯೂರಿ ಕೂತಿದ್ದ,
ಯಾರದೋ ಮಗುವಿನ ಒದ್ದೆ ಟವೆಲ್ ಹಿಂಡುತ್ತ.
"ಕಣ್ಣಿಲ್ಲವೇ ನಿಮಗೆ?" ಎಂದೆ.
ಮಾತಾಡದೆ ನೋಟ್‌ಬುಕ್ ಚಾಚಿದ.
ನೀರು ಬಿದ್ದು ಶಾಯಿ ಕದಡಿದ ಪುಟ:
ಮಂಗಳವಾರದಿಂದ ರನ್ವಾಗೆ ಕೆಮ್ಮು.
ಗುರುವಾರ ಇನ್ನೂ ಜಾಸ್ತಿ. ತಾಯಿಯನ್ನು ಕೇಳಬೇಕು.

"ಮತ್ತೆ ಕೇಳಲಿಲ್ಲ ಯಾಕೆ?"
"ಹೆದರಿಕೆ," ಎಂದ, "ನಿಮ್ಮನ್ನು ಕಂಡರೆ."

ನಗು ಬಂತು, ಹಾಳಾದ್ದು, ಬರಬಾರದ ಹೊತ್ತಿನಲ್ಲಿ.
ರಾತ್ರಿಯೆಲ್ಲ ಮೀನು ಸೀಳುವವಳಿಗೆ
ಮಗಳ ಕೆಮ್ಮು ಎಲ್ಲಿ ಕೇಳಬೇಕು?
ಮನೆಯಲ್ಲಿ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ.
"ಮುಂದಿನ ಸಲ ಫೋನ್ ಮಾಡಿ,
ಬೈಸಿಕೊಂಡರೂ ಸರಿ, ಮಾಡಿ."

ಉಳಿದ ಮಕ್ಕಳು ನೀರಿಗಿಳಿವಾಗ
ಸ್ಟಾಪ್‌ವಾಚ್ ನನ್ನ ಕೈಗಿಟ್ಟ.
ಪೀಪಿ ಊದಿದ ಮೇಲೆ, ಒಂದು ಉಸಿರು ತಡವಾಗಿ, ಒತ್ತಿದೆ.
ಅವನು ನೋಡಿದ. ನೋಡಿಯೂ ಹಾಗೆಯೇ ಬರೆದುಕೊಂಡ.

ಆ ಬೆಳಿಗ್ಗೆ ಎಲ್ಲರೂ
ತುಸು ಬೇಗ ಈಜಿದರು.