ಇತರೆ

ಬ್ಯಾಡಗಿ ಮಾರ್ಕೆಟ್ಟಿನ ಗೇಟಿನೆದುರು ನನ್ನ ಅಂಗಡಿ:
ಝೆರಾಕ್ಸು, ರಿಚಾರ್ಜು, ಸ್ಕಾಲರ್‌ಶಿಪ್ಪಿನ ಅರ್ಜಿ.
ಫಕ್ಕೀರವ್ವ ಒಳಗ ಕಾಲಿಟ್ಟರ
ಮೊದಲು ನಾನು ಸೀನತೇನಿ,
ಆಮ್ಯಾಲೆ ಪಾಳಿ ಹಚ್ಚಿದವರು, ಒಬ್ಬೊಬ್ಬರಾಗಿ.
‘ಕಡ್ಡಿಕಾಯಿ ಘಾಟು, ತಮ್ಮಾ’ ಅಂತಾಳ
ತಪ್ಪೆಲ್ಲಾ ತನ್ನದ ಅನ್ನೂಹಂಗ.

ಮಗಳು ದಾಕ್ಷಾಯಿಣಿ. ಎಂಟನೆತ್ತಾದಾಗ
ಪರೀಕ್ಷಾ ಪಾಸಾಗ್ಯಾಳ.
ವರ್ಷಕ್ಕ ಹನ್ನೆರಡು ಸಾವಿರ, ನಾಕು ವರ್ಷ.
ಅರ್ಜಿಗೆ ಇವತ್ತ ಕಡೀ ದಿನ,
ಸರ್ವರು ತಿರುಗತದ, ತಿರುಗತದ, ನಿಲ್ಲತದ.

ತಾಯಿಯ ಉದ್ಯೋಗ?
ಪಟ್ಟಿ ಬಿಚ್ಚಿಕೊಂಡಿತು:
ಕೃಷಿ, ವ್ಯಾಪಾರ, ಸರಕಾರಿ ನೌಕರಿ, ಗೃಹಿಣಿ.
ಮೆಣಸಿನಕಾಯಿ ತುಂಬು ಬಿಡಿಸೂದು
ಕೆಳಗ ಇಳಿದರೂ ಇಲ್ಲ, ಮ್ಯಾಲೆ ಏರಿದರೂ ಇಲ್ಲ.
‘ಇತರೆ’ ಒತ್ತಿದೆ.

‘ಇತರೆ ಅಂದ್ರ ಏನಣ್ಣಾ?’
‘ಪಟ್ಟಿ ಮಾಡಿದವರು
ಒಮ್ಮೆನೂ ಸೀನಿಲ್ಲಂತ ಅರ್ಥವಾ.’
ಹುಡುಗಿ ನಕ್ಕಳು. ಅವ್ವಗ ತಿಳೀಲಿಲ್ಲ,
ಮಗಳು ನಕ್ಕಳಂತ ತಾನೂ ನಕ್ಕಳು.

ನಾನೂ ಬರೆದಿದ್ದೆ ಆ ಪರೀಕ್ಷಾ.
ಪಾಸೂ ಆಗಿದ್ದೆ.
ಕಡೀ ದಿನ ಯಾವುದಂತ
ಯಾರೂ ಹೇಳಲಿಲ್ಲ, ಅಷ್ಟ.

ರಸೀದಿ ಬಂತು. ಇಪ್ಪತ್ತು ರೂಪಾಯಿ ಚಾಚಿದಳು ಫಕ್ಕೀರವ್ವ,
ನೋಟಿಗೂ ಘಾಟು.
ಸೀನಿಕೋತನ ಹೊರಗ ಹೋಗಿ
ಹಲಗಿ ಒರಸಿದೆ,
ಮುಂದಿನ ಅರ್ಜಿಯ ತಾರೀಖು ಬರೆದೆ,
ಎದುರಿನ ದಲಾಲರ ಅಂಗಡಿಯ
ಮೆಣಸಿನಕಾಯಿ ರೇಟಿಗಿಂತ
ದೊಡ್ಡ ಅಕ್ಷರದಾಗ.