ಕೊಸರು

ರಟ್ಟಿನ ಚೂರಿನ ಮೇಲೆ ಇದ್ದಿಲಲ್ಲಿ ಗೀಚಿದ ಸೊನ್ನೆ.
ಪುಕ್ಕಟೆಯೇ ಎಂದುಕೊಂಡೆ ಮೊದಲ ದಿನ.
ಇಲ್ಲಿ ಸೊನ್ನೆಯಂಥದ್ದು ಐದು,
ಬರೀ ಚುಕ್ಕಿಯಿಟ್ಟರೆ ಸೊನ್ನೆ.
ನೂಲಿನ ಗಿರಣಿಯ ಲೆಕ್ಕ ಬರೆಯುವ ನಾನು
ಕೈರೋದ ಸಂತೆಯಲ್ಲಿ ಒಂದನೇ ಇಯತ್ತೆ.

ಗರ್ಗೀರ್ ಸೊಪ್ಪಿಗೆ ನೀರು ಚಿಮುಕಿಸುತ್ತ
ಉಮ್ಮ್ ನಗ್ಲಾ, ನೋಟು ಚಾಚಿದರೆ,
"ಖಲ್ಲೀ" ಅಂದಳು. ಇರಲಿ ಬಿಡು.
ಇರಲಿ ಅಂದರೆ ಇರಲಿ ಎಂದು ನಂಬಿ
ಸೊಪ್ಪು ಹಿಡಿದು ಹೊರಟೇಬಿಟ್ಟೆ!
ಕತ್ತೆಗಾಡಿಯವನು ನಕ್ಕ,
ತಲೆಯ ಮೇಲೆ ರೊಟ್ಟಿಯ ಹಲಗೆ ಹೊತ್ತು
ಒಂದೇ ಕೈಯಲ್ಲಿ ಸೈಕಲ್ ತುಳಿಯುತ್ತಿದ್ದ ಹುಡುಗ
ಹಲಗೆ ಅಲುಗದಂತೆ ನಕ್ಕ.
ಅವಳೂ.

ಊಟಕ್ಕೇಳಿ ಅಂದರೆ
ಹಸಿದ ಹೊಟ್ಟೆಯಲ್ಲೇ "ಈಗಷ್ಟೇ ಆಯಿತು" ಅನ್ನುವವರ
ಕುಲದಲ್ಲಿ ಹುಟ್ಟಿದವನಿಗೆ
ಇಷ್ಟು ತಿಳಿಯಬೇಕಿತ್ತು.

ಲಿಫ್ಟು ಕೆಟ್ಟು ಎರಡು ರಂಜಾನ್ ಕಳೆದವು.
ನಾಲ್ಕನೇ ಮಹಡಿಯ ಕಟಕಟೆಯಿಂದ ಬುಟ್ಟಿ ಇಳಿಬಿಡುತ್ತೇನೆ,
ನೋಟು ಹಾರದಂತೆ ಮೇಲೊಂದು ಬೀಗ.
ಕೆಳಗಿನಿಂದ ಅವಳ ದನಿ: ಖಲ್ಲೀ!
ಮೇಲಿನಿಂದ ನಾನು: ಇಲ್ಲ, ತಗೋ!
ಖಲ್ಲೀ! ತಗೋ!
ನಡುವಿನ ಮಹಡಿಯ ಮುದುಕ ಕಿಟಕಿ ಮುಚ್ಚುತ್ತಾನೆ.

ಹಗ್ಗ ಜಗ್ಗಿದರೆ
ಬುಟ್ಟಿ ತುಸು ಹೆಚ್ಚೇ ಭಾರ.
ಸೊಪ್ಪಿನಡಿ ಕೇಳದ ಎರಡು ನಿಂಬೆ.
ಕೊಸರಿಗೆ ಅರಬ್ಬಿಯಲ್ಲಿ ಏನನ್ನುತ್ತಾರೋ,
ಕೇಳಿದರೆ ನಿಲ್ಲಿಸಿಬಿಟ್ಟಾಳೆಂದು
ಕೇಳಿಲ್ಲ.

ರಾತ್ರಿ, ಫ್ಯಾನಿನ ಗಾಳಿಗೆ ಹಾಳೆ ಒತ್ತಿ ಹಿಡಿದು
ದಿನದ ಖರ್ಚು ಬರೆಯುತ್ತೇನೆ:
ಗರ್ಗೀರ್ ೫
ನಿಂಬೆ ೦

ಅವಳು ನೋಡಿದರೆ
ಅದನ್ನು ಐದು ಎಂದೇ ಓದುತ್ತಾಳೆ.